ಮಂಗಳವಾರದ ಇನ್ನೂರು ಲೀಟರು

ನನ್ನದೊಂದು ಚಾಳಿಯನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಿಗ್ಗೆ ಎದ್ದು ಜನ ದೇವರ ಮುಖವನ್ನೋ ಮೊಬೈಲಿನ ಮುಖವನ್ನೋ ನೋಡುತ್ತಾರೆ. ನಾನು ನೀರಿನ ಮೀಟರಿನ ಮುಖ ನೋಡುತ್ತೇನೆ. ನಲ್ಲಿ ಬಂದು ತೊಟ್ಟಿ ತುಂಬಿದ ಮೇಲೆ ಗೇಟಿನ ಪಕ್ಕ ಮಂಡಿಯೂರಿ, ಸೆರಗಿನಿಂದ ಗಾಜು ಒರೆಸಿ, ಪುಸ್ತಕದಲ್ಲಿ ಅಂಕಿ ಬರೆದುಕೊಳ್ಳುತ್ತೇನೆ. ಅದರಲ್ಲಿ ಹಿಂದಿನ ದಿನದ ಅಂಕಿ ಕಳೆದರೆ ನಿನ್ನೆ ಮನೆ ಎಷ್ಟು ನೀರು ಬಳಸಿತೆಂದು ಸಿಕ್ಕಿಬಿಡುತ್ತದೆ. ಹೊಸದುರ್ಗದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಇದಕ್ಕಿಂತ ಸುಖದ ವ್ಯವಕಲನ ಇನ್ನೊಂದಿಲ್ಲ. ‘ನೀರಿನಂತೆ ದುಡ್ಡು ಸುರಿದ’ ಎಂಬ ಮಾತು ಹುಟ್ಟಿಸಿದವರು ಖಂಡಿತ ನಮ್ಮ ಸೀಮೆಯವರಲ್ಲ.

ಮನೆಯಲ್ಲಿ ನಾವು ಮೂವರು: ನಾನು, ನನ್ನ ಯಜಮಾನರು, ಅತ್ತೆ. ದಿನಕ್ಕೆ ನಾನೂರು ಲೀಟರಿನ ಆಸುಪಾಸು. ಮಂಗಳವಾರ ಮಾತ್ರ ಆರುನೂರು! ಮಂಗಳವಾರ ಅತ್ತೆ ಎಣ್ಣೆ ಹಚ್ಚಿ ತಲೆಗೆ ಎರೆದುಕೊಳ್ಳುವ ದಿನ. ಗಣಿತ ಬಲ್ಲವರಿಗಿರುವ ಅಪಾಯವೇ ಇದು. ಎರಡು ಸಂಗತಿ ಒಂದೇ ದಿನ ಬಿದ್ದರೆ ನಡುವೆ ಸಮಚಿಹ್ನೆ ಹಾಕಿಬಿಡುತ್ತೇವೆ.

“ಅತ್ತೆ, ತಲೆಗೆ ಎರಕೊಳ್ಳೋವಾಗ ನೀರು ಸ್ವಲ್ಪ ನೋಡಿ ಬಳಸ್ರಿ,” ಎಂದು ಪುಸ್ತಕ ತೋರಿಸಿದೆ.

ಅವರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. “ಆತು ಬಿಡವ್ವ,” ಎಂದರು, ಅಷ್ಟೆ.

ಮುಂದಿನ ಮಂಗಳವಾರ ಒಂದೇ ಬಕೆಟ್ಟಿನಲ್ಲಿ ಸ್ನಾನ ಮುಗಿಸಿದರು. ಸೀಗೆಪುಡಿ ಕೂದಲಲ್ಲೇ ಉಳಿದಿತ್ತು. ಬುಧವಾರ ನೋಡಿದರೆ ಮತ್ತೆ ಆರುನೂರು. “ಎಲ್ಲೋ ಪೈಪು ಸೋರ್ತೈತೆ ಕಣೆ,” ಎಂದರು ಯಜಮಾನರು. ವಾರ ನೋಡಿ ಸೋರುವ ಪೈಪು ಎಲ್ಲಾದರೂ ಉಂಟೇ?

ಅದರ ಮುಂದಿನ ಮಂಗಳವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮನೆಗೆ ಬಂದೆ. ಗೇಟು ಹಾರು ಹೊಡೆದಿತ್ತು. ಓಣಿಯ ತುಂಬ ಕುರಿ, ಅಂಗಳದ ತುಂಬ ಕುರಿ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ಬಾನಿಗೆ ಅತ್ತೆ ಪೈಪು ಹಿಡಿದು ನಿಂತಿದ್ದರು. ಕೋಲಿಗೆ ಗಲ್ಲ ಊರಿದ್ದ ಕುರಿಗಾರ ನನ್ನ ಮನೆಗೆ ನನ್ನನ್ನೇ ಸ್ವಾಗತಿಸಿದ: “ಬರ್ರಿ ಮೇಡಂ. ಮಂಗಳವಾರ ಈ ಕಡೆ ಮೇಯಿಸ್ಕೊಂಡು ಬರ್ತೀನ್ರಿ. ಅಮ್ಮಾರು ಕರೆದು ಕುಡಿಸ್ತಾರೆ. ಈ ಬಿಸಿಲಾಗೆ ಬ್ಯಾರೆ ಎಲ್ಲೈತ್ರಿ ನೀರು?”

ಅವನು ಹೋದ ಮೇಲೆ ಕೇಳಿದೆ, “ನಾನು ಪುಸ್ತಕ ತೋರಿಸಿದಾಗಲೇ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಬ್ಯಾಡ ಅಂತಿದ್ದಿ. ಬ್ಯಾಡ ಅಂದ್ಮೇಲೂ ಕುಡಿಸಿದ್ರೆ ನಿನ್ನ ಮಾತು ಮೀರಿದಂಗೆ ಆಗ್ತಿತ್ತು. ಅದಕ್ಕೇ ಬೈಸ್ಕೊಂಡೆ. ಬೈಸ್ಕೊಳ್ಳಾಕೇನು ನೀರು ಬೇಕಾ?”

ಆ ಸಂಜೆ ನಾನೇ ನೀರು ಕಾಯಿಸಿ ಅವರ ತಲೆಗೆ ಎರೆದೆ. ಎಷ್ಟು ಬಕೆಟ್ಟೆಂದು ಎಣಿಸಲಿಲ್ಲ.

ಆಮೇಲೆ ಪ್ರತಿ ಬುಧವಾರ ಆರುನೂರು ಬಂದರೆ ಮನಸ್ಸಿಗೆ ಏನೋ ನೆಮ್ಮದಿ. ಹೀಗಿರುವಾಗ ಒಂದು ವಾರ ಎರಡು ದಿನ ಒಳ್ಳೆಯ ಮಳೆಯಾಯಿತು. ಆ ಬುಧವಾರ ಕಳೆದು ನೋಡಿದರೆ ನಾನೂರೇ ಬಂತು. ಇನ್ನೂರು ಲೀಟರು ಉಳಿದ ಸಂತೋಷಕ್ಕೆ ನಾನು ಕುಣಿಯಬೇಕಿತ್ತು. ಬದಲಿಗೆ ಗಾಜನ್ನು ಇನ್ನೊಮ್ಮೆ ಒರೆಸಿ ನೋಡಿದೆ. ನಾನೂರೇ.

“ಅತ್ತೆ, ನಿನ್ನೆ ಕುರಿಯವರು ಬರಲಿಲ್ವಾ?”

“ಇಲ್ಲ ಕಣವ್ವ. ಹಳ್ಳದಾಗೆ ನೀರು ಬಂದಿರ್ತೈತೆ, ಒಳ್ಳೇದಾತು,” ಎಂದರು ಅತ್ತೆ. ಹೇಳುತ್ತಲೇ ಎದ್ದು ಗೇಟಿನ ತನಕ ಹೋಗಿ ಓಣಿಯ ಎರಡೂ ಕಡೆ ನೋಡಿ ಬಂದರು.