ಮೊಂಡು ಕೊಡಲಿಯ ದಾರಿ ಕಾಯುತ್ತ

ಟಾಬರ್ ಮಿಲ್ಸ್ ಊರಿನ ಹೊಳೆಯ ಮೇಲೆ ಮಂಜು ಇನ್ನೂ ಮಲಗಿಯೇ ಇದೆ. ಸೇತುವೆಯ ಆಚೆ ತುದಿ ಕಾಣಿಸದು. ಈಚೆ ತುದಿಯಲ್ಲಿ ಇಟ್ಟಿಗೆಯ ಹಳೇ ಕಟ್ಟಡವೊಂದರ ಒಂದೇ ಕಿಟಕಿಯಲ್ಲಿ ಬೆಳಕು. ಒಳಗೆ ಎಪ್ಪತ್ತು ದಾಟಿದ ಬ್ಲಾಂಚ್ ಥಿಬಡೋ ಕುದುರೆ ಏರುತ್ತಿದ್ದಾರೆ.

ಈ ಕುದುರೆಗೆ ತಲೆಯಿಲ್ಲ, ಬಾಲವಿಲ್ಲ. ಸಾಣೆಕಲ್ಲಿನ ಮುಂದೆ ಒಂದು ತುದಿಗೆ ಕೀಲು ಹಾಕಿ ನಿಲ್ಲಿಸಿದ ಮೇಪಲ್ ಮರದ ಹಲಗೆ ಅದು. ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತು, ಮೈಭಾರವನ್ನೆಲ್ಲ ಹಲಗೆಗೆ ಒಪ್ಪಿಸಿದರೆ ಅದರಡಿಯ ಕೊಡಲಿ ಕಲ್ಲಿಗೆ ಒತ್ತಿಕೊಳ್ಳುತ್ತದೆ. ಆಳೆತ್ತರದ ಕಲ್ಲು ತಿರುಗುತ್ತದೆ, ಮೇಲಿನಿಂದ ನೀರು ಸುರಿಯುತ್ತದೆ. ಬ್ಲಾಂಚ್ ಸೊಂಟ ಒಂದಿಷ್ಟು ಎಡಕ್ಕೆ ವಾಲಿಸಿದರೆ ಸಾಕು, ಉಕ್ಕಿನ ಮೇಲೆ ಹೊಳಪಿನದೊಂದು ಗೆರೆ ನಿದ್ದೆಯಿಂದ ಎದ್ದ ಹಾಗೆ ಕಣ್ಣು ಬಿಡುತ್ತದೆ.

"ಸವಾರಿ ಎಲ್ಲಿಗೆ ಹೊರಟಿತು, ಮಹಾರಾಣಿ?" ಕುಲುಮೆಯ ಕಡೆಯಿಂದ ಮರ್ಲ್ ಗಾನ್ಯೋನ್ ಕೂಗುತ್ತಾರೆ. ಕಾದ ಉಕ್ಕನ್ನು ಸುತ್ತಿಗೆ ಯಂತ್ರಕ್ಕೆ ಕೊಟ್ಟು ಕೊಡಲಿಯ ಆಕಾರ ತೆಗೆಯುವವರು, ಹದ ಹಾಕುವವರು ಇವರೇ.

"ನಿನ್ನ ತಿಥಿಗೆ. ಬಾಯಿ ಮುಚ್ಕೊಂಡು ಒಲೆ ಹೊತ್ತಿಸು, ಮುದುಕಾ."

"ನನಗಿಂತ ಎರಡು ವರ್ಷ ದೊಡ್ಡೋಳು ನೀನು!"

"ಅದಕ್ಕೇ ಹೇಳ್ತಿರೋದು. ದೊಡ್ಡೋರ ಮಾತು ಕೇಳು."

ಹೀಗೆ ಶುರುವಾಗುತ್ತದೆ ದಿನ. ಮಧ್ಯಾಹ್ನದೊಳಗೆ ಬ್ಲಾಂಚ್ ಹತ್ತು ಹನ್ನೆರಡು ಕೊಡಲಿಗೆ ಸಾಣೆ ಹಿಡಿಯುತ್ತಾರೆ. ಅವರ ಅಪ್ಪನ ಕಾಲದಲ್ಲಿ ಇದೇ ಹಜಾರದಲ್ಲಿ ಉದ್ದಕ್ಕೂ ಕುದುರೆಗಳು ಸಾಲುಗಟ್ಟಿ ನಿಂತಿದ್ದವು, ದಿನಕ್ಕೆ ಸಾವಿರ ಕೊಡಲಿ ಹೊರಬೀಳುತ್ತಿದ್ದವು. ಈಗ ಒಂದೇ ಕುದುರೆ. ಅದೂ ಈ ತಿಂಗಳಾಚೆಗೆ ಇರುತ್ತದೋ ಇಲ್ಲವೋ ಗೊತ್ತಿಲ್ಲ.

ಕಾರ್ಖಾನೆಯ ಒಡತಿ ಟೆಸ್ಸಾ ಲಿಬ್ಬಿ ಈ ಏಪ್ರಿಲ್ ಮುಗಿಯುವುದರೊಳಗೆ ಒಂದು ತೀರ್ಮಾನ ಮಾಡಬೇಕಿದೆ. ಸಾಣೆಕಲ್ಲನ್ನು ಎತ್ತಿಸಿ ಅಲ್ಲೊಂದು ಯಂತ್ರ ಕೂರಿಸುವುದೋ, ಬೇಡವೋ? ಯಂತ್ರ ಬಂದರೆ ಕೊಡಲಿಯ ಎರಡೂ ಮಗ್ಗುಲು ಕನ್ನಡಿಯ ಹಾಗೆ ಚಪ್ಪಟೆಯಾಗಿ ಹೊಳೆಯುತ್ತವೆ. ಮರದ ಹಿಡಿಕೆಯಾದ ಕಾವಿಗೆ ಕೆಂಪು, ನೀಲಿ ಪಟ್ಟೆ ಬಳಿದರೆ ಪೋರ್ಟ್‌ಲ್ಯಾಂಡಿನ ಅಂಗಡಿಗಳು ಕೊಳ್ಳಲು ಕಾಯುತ್ತಿವೆ. ಜನ ಅದನ್ನು ಒಯ್ದು ಗೋಡೆಗೆ ನೇತುಹಾಕುತ್ತಾರೆ.

"ಚಪ್ಪಟೆ ಕೊಡಲಿ ಮರಕ್ಕೆ ಹೊಡೆದ್ರೆ ಒಳಗೆ ಹೋಗಿ ಕೂತುಬಿಡುತ್ತೆ, ಹಬ್ಬಕ್ಕೆ ಬಂದ ನೆಂಟರ ಥರ. ಏನು ಮಾಡಿದ್ರೂ ಏಳಲ್ಲ," ಎನ್ನುತ್ತಾರೆ ಬ್ಲಾಂಚ್. "ಕೊಡಲಿಯ ಮಗ್ಗುಲು ಉಬ್ಬಿ ಕೆನ್ನೆ ತುಂಬಿರಬೇಕು. ಆಗ ಅದೇ ಮರಾನ ಆಚೆ ಈಚೆ ತಳ್ಕೊಂಡು ಹೊರಗೆ ಬರುತ್ತೆ. ಗೋಡೆ ಮೇಲೆ ನೇತುಹಾಕೋ ಕೊಡಲಿಗೆ ಕೆನ್ನೆ ಯಾಕೆ? ಅದಕ್ಕೆ ನಾನೂ ಯಾಕೆ?"

ಟೆಸ್ಸಾಗೂ ಅದು ಗೊತ್ತು. ಹಾಗಾಗಿಯೇ ಅವಳು ಹಳೆಯ ಕಾರ್ಖಾನೆಯ ಪದ್ಧತಿಯನ್ನು ಮತ್ತೆ ಶುರುಮಾಡಿದ್ದಳು: ಇಲ್ಲಿ ಹುಟ್ಟಿದ ಕೊಡಲಿ ಮೊಂಡಾದರೆ ತಂದುಕೊಡಿ, ಸಾಣೆ ಪುಕ್ಕಟೆ. "ಒಂದಾದ್ರೂ ಬರಲಿ ಮೆಮೆ," ಎಂದಿದ್ದಳು ಚಳಿಗಾಲ ಕಾಲಿಡುವಾಗ. "ಕಡಿದೂ ಕಡಿದೂ ಸವೆದ ಒಂದೇ ಒಂದು ಕೊಡಲಿ ವಾಪಸ್ ಬಂದ್ರೆ, ಇದನ್ನ ಕೈಯಲ್ಲಿ ಹಿಡಿಯೋರು ಇದ್ದಾರೆ ಅಂತ ನಂಗೆ ಧೈರ್ಯ ಬರುತ್ತೆ. ಆಗ ಕುದುರೆ ಇರಲಿ."

ಮೆಮೆ ಅಂದರೆ ಇಲ್ಲಿನ ಫ್ರೆಂಚ್ ಮನೆಗಳ ಅಜ್ಜಿ. ಬ್ಲಾಂಚ್ ಊರಿಗೆಲ್ಲ ಮೆಮೆ ಆದದ್ದು ಕೊಡಲಿಯಿಂದಲ್ಲ, ಸೌಟಿನಿಂದ. ಆ ಕಥೆಗೆ ಬರುವ ಮೊದಲು ಹೊಳೆಯ ಕಥೆ ಹೇಳಬೇಕು.

ಒಂದು ಕಾಲದಲ್ಲಿ ಈ ಹೊಳೆಗೆ ನಿದ್ದೆಯೇ ಇರಲಿಲ್ಲ. ಅದು ಚಕ್ರ ತಿರುಗಿಸುತ್ತಿತ್ತು, ಚಕ್ರ ಕಲ್ಲುಗಳನ್ನು ತಿರುಗಿಸುತ್ತಿತ್ತು, ಕಲ್ಲುಗಳು ಊರನ್ನೇ ತಿರುಗಿಸುತ್ತಿದ್ದವು. ಟಾಬರ್ ಮಿಲ್ಸಿನ ಕೊಕ್ಕರೆ ಮಾರ್ಕಿನ ಕೊಡಲಿ ಹಿಡಿಯದೆ ಮೇಯ್ನ್ ರಾಜ್ಯದ ಯಾವ ಕಾಡಿನಾಳೂ ಕಾಡಿಗೆ ಹೋಗುತ್ತಿರಲಿಲ್ಲ. ಶುಕ್ರವಾರ ಸಂಜೆ ಕೆಲಸ ಬಿಡುವ ಹೊತ್ತಿಗೆ ಹೆಂಗಸರು ಬೀನ್ಸ್ ಕಾಳು ತುಂಬಿದ ಮಣ್ಣಿನ ಗಡಿಗೆಗಳನ್ನು ತಂದು ಆರುತ್ತಿರುವ ಕುಲುಮೆಯ ಸುತ್ತ ಸಾಲಾಗಿ ಇಡುತ್ತಿದ್ದರು. ಹಂದಿಮಾಂಸದ ತುಂಡು, ಕಾಕಂಬಿ, ಸಾಸಿವೆ. ಕೊಡಲಿ ಕಾಯಿಸಿದ ಬೆಂಕಿ ರಾತ್ರಿಯೆಲ್ಲ ಊರಿನ ಊಟ ಬೇಯಿಸುತ್ತಿತ್ತು. ಶನಿವಾರ ಗಡಿಗೆ ಒಯ್ಯಲು ಬಂದವರು ಪಕ್ಕದ ಮನೆಯ ಗಡಿಗೆಯ ಮುಚ್ಚಳ ಎತ್ತಿ ಮೂಸದೆ ಹೋಗುತ್ತಿರಲಿಲ್ಲ.

"ನಮ್ಮಮ್ಮನ ಗಡಿಗೆ ಯಾವಾಗಲೂ ಹಗುರ ಆಗಿರ್ತಿತ್ತು," ಎಂದು ನೆನೆಯುತ್ತಾರೆ ಬ್ಲಾಂಚ್. "ಈ ಮರ್ಲ್‌ನ ಅಪ್ಪಾನೇ ತಿಂತಿದ್ದಿದ್ದು."

"ತಿಂತಿದ್ದಿದ್ದು ಹೌದು," ಎನ್ನುತ್ತಾರೆ ಮರ್ಲ್. "ಆದ್ರೆ ಉಪ್ಪು ಕಮ್ಮಿ ಅಂತಿದ್ದ."

ಬ್ಲಾಂಚ್ ಶಾಲೆ ಬಿಟ್ಟ ವರ್ಷವೇ ಇಲ್ಲಿಗೆ ಬಂದರು. ಹೆಂಗಸರಿಗೆ ಅಂದು ಇದ್ದದ್ದು ಒಂದೇ ಕೆಲಸ. ಒಂಟಿಕಾಲಲ್ಲಿ ನಿಂತ ಬೂದು ಕೊಕ್ಕರೆಯ ಚೀಟಿಯನ್ನು ಕೊಡಲಿಗೆ ಅಂಟಿಸುವುದು. ಅಪ್ಪ ಅರ್ಮಾಂ ಸಾಣೆಯ ಸಾಲಿನಲ್ಲಿ. ಊಟದ ಹೊತ್ತಲ್ಲಿ ಮಗಳು ಅಪ್ಪನ ಕುದುರೆ ಹತ್ತಿ ಕೂರುತ್ತಿದ್ದಳು. ಹೆಣ್ಣು ಕೂತರೆ ಕಲ್ಲು ಒಡೆಯುತ್ತದೆ ಎಂದು ಮೇಸ್ತ್ರಿ ರೇಗಿದಾಗ ಅರ್ಮಾಂ ರೊಟ್ಟಿ ಅಗಿಯುತ್ತಲೇ ಅಂದರಂತೆ: "ಒಡೆದ್ರೆ ಹೊಸದು ನಾನು ಹೊತ್ಕೊಂಡು ಬರ್ತೀನಿ. ನೀನು ಊಟ ಮಾಡು."

ಕಲ್ಲು ಒಡೆಯಲಿಲ್ಲ. ಒಡೆದದ್ದು ಅಪ್ಪನ ಎದೆ. ಆಗ ಮುಖಕ್ಕೆ ಏನೂ ಕಟ್ಟಿಕೊಳ್ಳದೆ ಕಲ್ಲಿನ ಧೂಳು ಕುಡಿದ ಸಾಣೆಯವರಲ್ಲಿ ಮುಪ್ಪು ಕಂಡವರು ಕಡಿಮೆ. ಹಳೆಯ ದಿನಗಳನ್ನು ಹಂಬಲಿಸುವಾಗಲೂ ಬ್ಲಾಂಚ್ ಇದನ್ನು ಮರೆಯುವುದಿಲ್ಲ. "ಆ ಕಾಲ ಚೆನ್ನಾಗಿತ್ತು. ಆ ಕೆಮ್ಮು ಚೆನ್ನಾಗಿರಲಿಲ್ಲ," ಎಂದು ಧೂಳು ತಡೆಯುವ ಮುಖವಾಡ ಬಿಗಿದುಕೊಳ್ಳುತ್ತಾರೆ.

ಅಷ್ಟರಲ್ಲಿ ಕಾಡಿಗೆ ಯಂತ್ರದ ಗರಗಸ ಬಂದಿತ್ತು. ಅದರ ಹಿಂದೆಯೇ ದೂರದೇಶಗಳ ಅಗ್ಗದ ಕೊಡಲಿಗಳು ಬಂದವು. ಕೊಕ್ಕರೆ ಮಾರ್ಕನ್ನು ಯಾರೋ ಕೊಂಡರು, ಅವರಿಂದ ಇನ್ಯಾರೋ ಕೊಂಡರು. ಕೊನೆಗೆ ಎಲ್ಲೋ ಬಡಿದ ಕೊಡಲಿಗಳ ಮೇಲೆ ಟಾಬರ್ ಮಿಲ್ಸಿನ ಕೊಕ್ಕರೆ ನಿಂತಿತ್ತು. ಟಾಬರ್ ಮಿಲ್ಸಿನಲ್ಲಿ ಮಾತ್ರ ಬಾಗಿಲಿಗೆ ಬೀಗ. ಕಾರ್ಖಾನೆ ಮುಚ್ಚಿದ ದಿನ ಒಬ್ಬೊಬ್ಬರು ಒಂದೊಂದು ಸಾಮಾನು ಎತ್ತಿಕೊಂಡು ಹೋದರು. ಬ್ಲಾಂಚ್ ಅಪ್ಪನ ಕುದುರೆಯನ್ನು ಹಿಮದ ಮೇಲೆ ಮನೆಯವರೆಗೆ ಎಳೆದುಕೊಂಡು ಹೋದರು. ಅದು ಜಗುಲಿಯಲ್ಲಿ ಬೆಂಚಾಯಿತು. ಬೂಟು ಬಿಚ್ಚಲು, ಬಟಾಣಿ ಸುಲಿಯಲು ಅದರ ಮೇಲೆ ಕೂರುವುದು.

ಆಮೇಲೆ ಶಾಲೆಯ ಅಡುಗೆಮನೆ. ಊರಿನ ಎರಡು ತಲೆಮಾರು ಅವರ ಕೈಯ ಊಟ ಉಂಡು ಬೆಳೆದಿದೆ. ಟೆಸ್ಸಾ ಕೂಡ. "ತಟ್ಟೇಲಿ ಒಂದು ಬೀನ್ಸ್ ಉಳಿದ್ರೂ ಪಕ್ಕದಲ್ಲಿ ಬಂದು ನಿಲ್ತಿದ್ರು. ಬೈತಿರಲಿಲ್ಲ. ಸುಮ್ನೆ ನಿಲ್ತಿದ್ರು. ಅದೇ ಭಯ," ಎಂದು ಅವಳು ನಗುತ್ತಾಳೆ. ಮೂರು ವರ್ಷದ ಹಿಂದೆ ಅವಳು ಈ ಕಟ್ಟಡ ಕೊಂಡು, ಮಾರ್ಕಿನ ಹಕ್ಕನ್ನೂ ಬಿಡಿಸಿಕೊಂಡು ಬಂದಾಗ ಮೊದಲು ಹತ್ತಿದ್ದು ಬ್ಲಾಂಚ್ ಅವರ ಜಗುಲಿ. ಬಂದವಳು ಕೂತದ್ದು ಕುದುರೆಯ ಮೇಲೆಯೇ.

"ಮೆಮೆ, ಸಾಣೆ ಹಿಡಿಯೋರು ಯಾರಾದ್ರೂ ಉಳಿದಿದ್ದಾರಾ?"

"ಮೊದಲು ಮೇಲೆದ್ದೇಳು," ಎಂದರಂತೆ ಬ್ಲಾಂಚ್. "ನೀನು ಕೂತಿರೋದನ್ನ ತಗೊಂಡು ಹೋಗ್ಬೇಕು."

ಕಳೆದ ಶರತ್ಕಾಲದಲ್ಲಿ ಮೊದಲ ಕೊಡಲಿಗಳು ಹೊರಟವು. ವರ್ಮಾಂಟಿಗೆ, ಮಿಷಿಗನ್‌ಗೆ, ಮಿನೆಸೋಟಾಗೆ. ಅವನ್ನು ಕಳಿಸುವಾಗ ಬ್ಲಾಂಚ್ ಒಂದೊಂದನ್ನೂ ಮದುವಣಗಿತ್ತಿಯ ಹಾಗೆ ಒರೆಸಿ ಎಣ್ಣೆ ಹಚ್ಚಿದ್ದರು. ಕ್ರಿಸ್‌ಮಸ್ ಕಳೆಯುವಷ್ಟರಲ್ಲಿ ವಾಪಸ್ ಬರತೊಡಗಿದವು. ಮೊಂಡಾಗಿ ಅಲ್ಲ, ಬಾಯಿ ಮುರಿದುಕೊಂಡು. ಇಲಿ ಕಚ್ಚಿದ ರೊಟ್ಟಿಯ ಅಂಚಿನ ಹಾಗೆ ಉಕ್ಕಿನ ಚಕ್ಕೆಗಳು ಎದ್ದುಹೋಗಿದ್ದವು.

ಟೆಸ್ಸಾ ಪೆಟ್ಟಿಗೆ ಬಿಚ್ಚಿ ಬಿಚ್ಚಿ ಮೇಜಿನ ಮೇಲೆ ಜೋಡಿಸಿದಳು.

"ಹದ ಹಾಕಿದ್ದು ನಾನು," ಎಂದರು ಮರ್ಲ್. "ತಪ್ಪೂ ನಂದೇ ಇರುತ್ತೆ."

ಮತ್ತೆ ಉಕ್ಕು ಕಾಯಿಸಿದರು, ಅದ್ದಿದರು, ಬಡಿದರು, ಮುರಿದು ನೋಡಿದರು. ಹದದಲ್ಲಿ ಊನವಿಲ್ಲ. ಊಟ ಸೇರದೆ ಮರ್ಲ್ ಸೊರಗಿದರು. ಅವರನ್ನು ನೋಡಲಾರದೆ ಬ್ಲಾಂಚ್ ಮಿಷಿಗನ್ನಿನ ಒಬ್ಬ ಗಿರಾಕಿಗೆ ಫೋನ್ ಹಚ್ಚಿದರು.

"ಕೊಡಲೀನ ಎಲ್ಲಿ ಇಟ್ಟಿದ್ರಪ್ಪಾ?"

"ಸೌದೆ ರಾಶಿ ಮೇಲೆ."

"ಹೊರಗಾ? ಆ ಚಳೀಲಿ? ಬೆಳಿಗ್ಗೆ ಎದ್ದು ಹಾಗೇ ಕಡಿದ್ರಾ?"

"ಮತ್ತೆ ಕೊಡಲೀನ ಎಲ್ಲಿ ಇಡಬೇಕಿತ್ತು ಅಜ್ಜಿ, ಹಾಸಿಗೇಲಾ?"

ಬ್ಲಾಂಚ್ ಫೋನ್ ಕೆಳಗಿಟ್ಟು ಕುಲುಮೆಯ ಕಡೆ ತಿರುಗಿದರು. "ಅಯ್ಯೋ ದೇವರೇ, ನಾವು ಹೇಳೇ ಇಲ್ವಲ್ಲೋ ಮರ್ಲ್!"

ಟಾಬರ್ ಮಿಲ್ಸಿನಲ್ಲಿ ಚಳಿಗಾಲದ ಬೆಳಿಗ್ಗೆ ಯಾರೂ ತಣ್ಣನೆಯ ಕೊಡಲಿಯಿಂದ ಕಡಿಯುವುದಿಲ್ಲ. ಮಂಜುಗಟ್ಟಿದ ಉಕ್ಕು ಗಾಜಿನಂತೆ. ಮಂಜುಗಟ್ಟಿದ ಮರದ ಗಂಟು ಕಲ್ಲಿನಂತೆ. ಎರಡೂ ಎದುರಾದರೆ ಚಕ್ಕೆ ಏಳುವುದು ಬಾಯಿಯೇ. ಅದಕ್ಕೇ ಇಲ್ಲಿನವರು ಕೊಡಲಿಯ ತಲೆಯನ್ನು ಕೋಟಿನೊಳಗೆ ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೋಗುತ್ತಾರೆ, ಇಲ್ಲವೇ ಒಲೆಯ ಪಕ್ಕ ಬೆಚ್ಚಗಿಟ್ಟು ಒಯ್ಯುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಿದ್ದಿಲ್ಲ. ಬಿಸಿ ಕಾಫಿಯನ್ನು ಊದಿಕೊಂಡು ಕುಡಿ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ಮೂವರೂ ಇದೇ ಊರಲ್ಲಿ ಬೆಳೆದವರು. ಲೋಕದಲ್ಲಿ ಬೇರೆ ಥರ ಇರುವವರೂ ಇದ್ದಾರೆಂಬುದು ಮೂವರಿಗೂ ಹೊಳೆದಿರಲಿಲ್ಲ.

"ನಂದೂ ಒಂದು ತಪ್ಪಿತ್ತು," ಎನ್ನುತ್ತಾರೆ ಬ್ಲಾಂಚ್. "ನಮ್ಮ ಕಾಡಿನ ಮೆತ್ತನೆ ಸ್ಪ್ರೂಸ್ ಮರಕ್ಕೆ, ನಮ್ಮ ಕಾಡಿನ ಆಳುಗಳಿಗೆ ಅಪ್ಪ ಬಾಯಿ ತೆಳ್ಳಗೆ ಹಿಡೀತಿದ್ದ. ನಾನೂ ಹಾಗೇ ಹಿಡಿದೆ. ಓಕ್, ಹಿಕೊರಿ ಥರದ ಗಟ್ಟಿ ಮರ ಕಡಿಯೋರು ಇದ್ದಾರೆ ಅನ್ನೋದು ನನ್ನ ತಲೇಲೇ ಇರಲಿಲ್ಲ."

ವಾಪಸ್ ಬಂದವಕ್ಕೆಲ್ಲ ಅವರು ಮತ್ತೆ ಸಾಣೆ ಹಿಡಿದರು. ಈ ಸಲ ಬಾಯಿಯ ಹಿಂದೆ ಒಂದಿಷ್ಟು ಮಾಂಸ, ಅಂದರೆ ದಪ್ಪ ಉಕ್ಕು, ಉಳಿಸಿ. ಹೇಳುವಷ್ಟು ಸುಲಭವಲ್ಲ ಅದು. "ಅಪ್ಪನ ಕೈ ನನ್ನ ಕೈಯೊಳಗೆ ಕೂತ್ಕೊಂಡು, ಇನ್ನೂ ತೆಗಿ, ಇನ್ನೂ ತೆಗಿ ಅಂತಿತ್ತು. ಸಾಕಪ್ಪಾ ಅಂದೆ. ನಾನು ಅವನ ಮಾತು ಮೀರಿದ್ದು ಅದೇ ಮೊದಲು." ಆಮೇಲೆ ಒಬ್ಬೊಬ್ಬ ಗಿರಾಕಿಗೂ ತಾವೇ ಫೋನ್ ಮಾಡಿದರು: ಮಗುವನ್ನ ಹೊರಗೆ ಕರ್ಕೊಂಡು ಹೋಗೋ ಹಾಗೆ ಬೆಚ್ಚಗೆ ಮಾಡ್ಕೊಂಡು ಹೋಗಿ. ಕೆಲವರು ನಕ್ಕರು. ಕೆಲವರು ಕೊಡಲಿಯೇ ಬೇಡ ಎಂದರು.

ಕೊಡಲಿಗಳು ಎರಡನೇ ಸಲ ಹೋದವು. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಮಾರ್ಚೂ ಹೋಯಿತು. ಒಂದೂ ಮುರಿದು ಬರಲಿಲ್ಲ. ಮರ್ಲ್ ಮತ್ತೆ ಹೊಟ್ಟೆ ತುಂಬ ತಿನ್ನತೊಡಗಿದರು. ಆದರೆ ಸವೆದೂ ಯಾವುದೂ ಬರಲಿಲ್ಲ. ಆ ಮೌನವೇ ಬ್ಲಾಂಚ್ ಅವರನ್ನು ಕಾಡಿದ್ದು. ಎಲ್ಲೆಲ್ಲಿಯೋ ಬೆಚ್ಚಗಿನ ಮನೆಗಳ ಗೋಡೆಯ ಮೇಲೆ, ದೀಪದ ಕೆಳಗೆ, ತಾವು ಸಾಣೆ ಹಿಡಿದ ಕೊಡಲಿಗಳು ಕಣ್ಣು ಬಿಟ್ಟುಕೊಂಡು ನೇತಾಡುತ್ತಿರುವುದನ್ನು ಅವರು ಎಷ್ಟೋ ಸಲ ಕನಸಿನಲ್ಲಿ ಕಂಡಿದ್ದಾರೆ.

ಈ ದಿನ ಮಂಜು ಹರಿಯುವ ಹೊತ್ತಿಗೆ ಅಂಗಳದಲ್ಲಿ ಮಣ್ಣು ಮೆತ್ತಿದ ಪಿಕಪ್ ಗಾಡಿಯೊಂದು ನಿಲ್ಲುತ್ತದೆ. ಇಳಿದವರು ಐವತ್ತರ ಆಸುಪಾಸಿನ ಹೆಂಗಸು, ಗಂಡಸರ ಕೋಟು. ರಾಜ್ಯದ ಉತ್ತರದ ಗಡಿಯ ಕಡೆಯಿಂದ ರಾತ್ರಿಯೇ ಹೊರಟುಬಂದ ಅರ್ಲೀನ್ ಡಾಯನ್. ನಮಸ್ಕಾರ ಗಿಮಸ್ಕಾರ ಇಲ್ಲ. ಕಳೆದ ಶರತ್ಕಾಲದಲ್ಲಿ ಇಲ್ಲಿಂದ ಕೊಂಡ ಕೊಡಲಿಯನ್ನು ಮೇಜಿನ ಮೇಲೆ ದಡಕ್ಕನೆ ಇಡುತ್ತಾರೆ.

"ಇದು ಕಡೀತಾ ಇಲ್ಲ."

ಇದೂ ಮುರಿದು ಬಂತೇ ಎಂದು ಟೆಸ್ಸಾ ಮೇಜಿನ ಹತ್ತಿರ ಓಡಿ ಬರುತ್ತಾಳೆ. ಬ್ಲಾಂಚ್ ಕುದುರೆಯಿಂದ ಇಳಿದು, ಕೈ ಒರೆಸಿಕೊಂಡು, ಕೊಡಲಿಯನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಬಾಯಿಯಲ್ಲಿ ಒಂದು ಚಕ್ಕೆಯೂ ಎದ್ದಿಲ್ಲ. ಉಗುರಿನ ತುದಿಯ ಹಾಗೆ ದುಂಡಗೆ, ಒಂದೇ ಸಮ ಸವೆದಿದೆ. ಕೆನ್ನೆಗಳ ಮೇಲೆ ಸ್ಪ್ರೂಸ್ ಅಂಟು ಕಪ್ಪಾಗಿ ಮೆತ್ತಿದೆ. ಕೈ ಹಿಡಿಯುವ ಜಾಗದಲ್ಲಿ ಕಾವು ಬೆವರು ಕುಡಿದು ಜೇನಿನ ಬಣ್ಣಕ್ಕೆ ತಿರುಗಿದೆ.

"ಎಷ್ಟು ಕಡಿದ್ರಿ ಇದರಲ್ಲಿ?"

"ಚಳಿಗಾಲ ಪೂರ್ತಿ. ನಮ್ಮನೆ ಸೌದೆ, ನಮ್ಮಮ್ಮನ ಮನೇದು, ಆಮೇಲೆ ನಮ್ಮ ಆ ಸೋಮಾರಿ ಭಾವಂದು."

"ಯಂತ್ರದ ಗರಗಸ ಇಲ್ವಾ?" ಮರ್ಲ್ ಮಧ್ಯೆ ಬಾಯಿ ಹಾಕುತ್ತಾರೆ.

"ಇದೆ. ಚಳೀಲಿ ಅದು ಶುರುವಾಗಲ್ಲ, ಇದು ಆಗುತ್ತೆ."

"ಬೆಚ್ಚಗೆ ಮಾಡ್ಕೊಳ್ತಿದ್ರಾ?"

"ಅದನ್ನೂ ಹೇಳಬೇಕಾ? ದಿನಾ ಒಲೆ ಪಕ್ಕ. ನನ್ನ ಗಂಡನ ಕಾಲು ತಣ್ಣಗಿದ್ರೂ ಕೊಡಲಿ ಮಾತ್ರ ಬೆಚ್ಚಗಿರ್ತಿತ್ತು." ಅರ್ಲೀನ್ ಸುತ್ತ ನೋಡುತ್ತಾರೆ. "ಯಾಕೆ, ಎಲ್ಲರೂ ಹೀಗೆ ನಗ್ತಿದ್ದೀರಿ? ಮೊಂಡಾಗಿದೆ ಅಂತ ಹೇಳ್ತಿದ್ದೀನಿ ನಾನು!"

"ಅದಕ್ಕೇ ನಗ್ತಿರೋದು," ಎನ್ನುತ್ತಾಳೆ ಟೆಸ್ಸಾ.

"ಹುಚ್ಚರ ಊರು," ಎಂದು ಗೊಣಗಿ ಅರ್ಲೀನ್ ಕಾಫಿ ಕೇಳುತ್ತಾರೆ.

ಬ್ಲಾಂಚ್ ಮತ್ತೆ ಕುದುರೆ ಏರುತ್ತಾರೆ. ಕಲ್ಲು ತಿರುಗುತ್ತದೆ. ಪಕ್ಕದ ಕೋಣೆಯಲ್ಲಿ ಟೆಸ್ಸಾ ಯಂತ್ರದವರಿಗೆ ಫೋನಿನಲ್ಲಿ ಹೇಳುತ್ತಿರುವುದು ಕಲ್ಲಿನ ಸದ್ದಿನ ನಡುವೆಯೂ ಕೇಳಿಸುತ್ತದೆ: "ಈ ವರ್ಷ ಬೇಡ. ಇಲ್ಲ, ಜಾಗ ಖಾಲಿ ಇಲ್ಲ." ಅರ್ಲೀನ್ ಹೊಸ ಬಾಯಿಗೆ ಹೆಬ್ಬೆರಳು ತಾಗಿಸಿ ನೋಡಿ, ಹೂಂ ಎಂದಷ್ಟೇ ಅಂದು, ಕೊಡಲಿಯನ್ನು ಕೋಟಿನೊಳಗೆ ಅವುಚಿಕೊಂಡು ಹೊರಡುತ್ತಾರೆ. ಹೊರಗೆ ಬಿಸಿಲು ಬಂದಿದ್ದರೂ.

ನಿಮಗೆ ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಬ್ಲಾಂಚ್ ಮುಖವಾಡ ಕೆಳಗೆಳೆಯುತ್ತಾರೆ.

"ಬರೋ ವಸಂತಕ್ಕೆ ಇಂಥವು ಒಂದು ಗಾಡಿ ತುಂಬ ಬರಲಿ. ಮೊಂಡಾಗಿ, ಅಂಟು ಮೆತ್ಕೊಂಡು ಬರಲಿ. ಬೈಕೊಂಡು ಬಂದ್ರೂ ಪರವಾಗಿಲ್ಲ."