ಜೀಪಿನ ಕುಲುಕಾಟ ತಗ್ಗಿಸುವ ಕಾಪುವಿನ ನಜೀಬ್

ಕಾಪುವಿನ ಹೆದ್ದಾರಿಯಿಂದ ಕಡಲ ಕಡೆಗೆ ಇಳಿಯುವ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಮಾಡಿನ ಕೆಳಗೆ ಎರಡು ಜೀಪುಗಳು ಪಕ್ಕಪಕ್ಕದಲ್ಲೇ ಜ್ಯಾಕಿನ ಮೇಲೆ ನಿಂತಿವೆ. ನಡುವೆ ಗೋಣಿ ಹಾಸಿ ಕುಳಿತ ನಜೀಬ್, ಎರಡರಿಂದಲೂ ಬಿಚ್ಚಿದ ಲೀಫ್ ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟು ನೋಡುತ್ತಿದ್ದಾರೆ. ಬಿಲ್ಲಿನಂತೆ ಬಾಗಿದ ಈ ಉಕ್ಕಿನ ಪಟ್ಟಿಗಳೇ ಗಾಡಿಯ ಭಾರ ಹೊತ್ತು, ಹೊಂಡದ ಪೆಟ್ಟು ತಿನ್ನುವಂಥವು.

"ನೋಡಲಿಕ್ಕೆ ಅಕ್ಕ ತಂಗಿಯ ಹಾಗೆ ಉಂಟು, ಅಲ್ವಾ? ಆದರೆ ನಡುವಿನ ಬೋಲ್ಟಿನ ತೂತು ಇದರಲ್ಲಿ ಒಂದು ಬೆರಳು ಮುಂದೆ ಉಂಟು. ಹಾಗೇ ಕಟ್ಟಿದರೆ ಚಕ್ರ ಜಾಗ ಬಿಟ್ಟು ಕೂರುತ್ತದೆ" ಎನ್ನುತ್ತಾರೆ.

ಒಂದು ಜೀಪು ನಜೀಬರದ್ದೇ. ಇನ್ನೊಂದು ಕಾರ್ಕಳದಾಚೆ ಘಟ್ಟದ ಬುಡದಲ್ಲಿರುವ ಪ್ರವೀಣನದು. ತೆಂಗಿನಕಾಯಿ, ಗೊಬ್ಬರ ಸಾಗಿಸುವ ಗಾಡಿ; ಪ್ಲೇಟುಗಳು ದಪ್ಪ, ಹೊಂಡದ ಪೆಟ್ಟು ನೇರ ಕೂತವರ ಬೆನ್ನಿಗೆ. ಬೆನ್ನುಮೂಳೆಯ ಆಪರೇಷನ್ ಆದ ಅವನ ತಾಯಿ ಕಮಲ ವಾರಕ್ಕೊಮ್ಮೆ ವ್ಯಾಯಾಮ ಚಿಕಿತ್ಸೆಗೆ ಮಣಿಪಾಲಕ್ಕೆ ಹೋಗಬೇಕು. ಮನೆಯಿಂದ ಡಾಮರು ರಸ್ತೆಯವರೆಗೆ ಬರೀ ಕಲ್ಲುದಾರಿ, ಬೇರೆ ಗಾಡಿ ಹತ್ತುವುದಿಲ್ಲ. ಎರಡು ಸಲ ಹೋಗಿ ಬಂದ ಕಮಲ, "ಸತ್ತರೂ ಸರಿ, ಇನ್ನು ಆ ಜೀಪು ಹತ್ತುವುದಿಲ್ಲ" ಎಂದು ಮಲಗಿಬಿಟ್ಟರು. ಪ್ರವೀಣ ಸಂತೆಕಟ್ಟೆಯಲ್ಲಿ, ಉಡುಪಿಯಲ್ಲಿ ವಿಚಾರಿಸಿದ. ಜೀಪು ಹಳೆಯ ಮಾದರಿಯದು, ಅದಕ್ಕೆ ಹೊಂದುವ ಮೆತ್ತಗಿನ ಪ್ಲೇಟು ಎಲ್ಲೂ ಸಿಗಲಿಲ್ಲ. ಯಾರೋ ಕಾಪುವಿನ ದಾರಿ ತೋರಿಸಿದರು.

ನಜೀಬ್ ಈ ವಿದ್ಯೆ ಕಲಿತದ್ದು ಗಲ್ಫಿನಲ್ಲಿ, ಮರಳುಗಾಡಿನಲ್ಲಿ ಓಡುವ ಗಾಡಿಗಳ ಗ್ಯಾರೇಜಿನಲ್ಲಿ. ಬೇಕಾದ ಸಾಮಾನು ಬರುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು. ಅದನ್ನೇ ಹೋಲುವ ಗಾಡಿಯಿಂದ ಬಿಚ್ಚಿ, ಅಳೆದು, ಹೊಂದಿಸುವುದು ಅಲ್ಲಿ ನಿತ್ಯದ ಕೆಲಸ. ಗ್ಯಾರೇಜು ಮುಚ್ಚಿದ ಮೇಲೆ ಊರಿಗೆ ಬಂದರು. ಇಲ್ಲಿ ಉಪ್ಪುಗಾಳಿಗೆ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿರುತ್ತವೆ. ಕಾಯಿಸಿ ಬಡಿದೂ ಬಡಿದೂ ಬಲ ಭುಜ ಈಗ ಪೂರ್ತಿ ಮೇಲೇಳುವುದಿಲ್ಲ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಗಾಡಿ. ಗುಜರಿ ಅಂಗಡಿ ಎಂದುಕೊಂಡು ಹಳೆ ಬಾಗಿಲು ಮಾರಲು ಬರುವವರೂ ಇದ್ದಾರೆ.

"ಮಣಿಪಾಲದ ಹುಡುಗರು ಬರುತ್ತಾರೆ, ಜೀಪು ಎತ್ತರ ಆಗಬೇಕು ಅಂತ. ಎತ್ತರ ಮಾಡಬಹುದು ಮಾರಾಯ್ರೆ. ಮೆತ್ತಗೆ ಮಾಡುವುದೇ ಕಷ್ಟ."

ಪ್ರವೀಣನ ಗಾಡಿಗೆ ಅವರು ಕಂಡುಕೊಂಡ ಉಪಾಯ ಇದು: ಮೇಲಿನ ಮುಖ್ಯ ಪ್ಲೇಟು ಅವನದ್ದೇ ಇರಲಿ, ತೂತು ಅದರ ಜಾಗದಲ್ಲೇ ಉಳಿಯುತ್ತದೆ. ಅದರಡಿಗೆ ತಮ್ಮ ಜೀಪಿನ ತೆಳು ಪ್ಲೇಟುಗಳು. ಜೊತೆಗೆ ತಮ್ಮ ಜೀಪಿನದೇ ಉದ್ದನೆಯ ಶಾಕ್ ಅಬ್ಸಾರ್ಬರ್. ಅದರ ತುದಿಯ ಬಳೆಯಂಥ ಬುಷ್ ದಪ್ಪವಾದ್ದರಿಂದ ಲೇತಿನಲ್ಲಿ ಸವೆಸಿ ತಂದಿದ್ದಾರೆ.

"ಇನ್ನು ಲೋಡು ಹಾಕುವ ಹಾಗಿಲ್ಲ, ಪ್ರವೀಣ್. ಹಾಕಿದರೆ ಪ್ಲೇಟು ಚಪ್ಪಟೆ ಆಗ್ತದೆ."

"ಲೋಡು ಬೇರೆಯವರು ಹೊರಲಿ ನಜೀಬಣ್ಣ. ಅಮ್ಮ ಎದ್ದು ನಡೆದರೆ ಸಾಕು."

ಬಿಸಿಲೇರುವ ಹೊತ್ತಿಗೆ ಗಾಡಿ ನೆಲಕ್ಕಿಳಿಯುತ್ತದೆ. ನಜೀಬ್ ಹಿಂದಿನ ಸೀಟಿನಲ್ಲಿ ರೋಗಿಯ ಹಾಗೆ ಅಂಗಾತ ಮಲಗಿ, ಸ್ಟೇರಿಂಗ್ ಹಿಡಿದ ಪ್ರವೀಣನಿಗೆ, "ಹೊಂಡ ತಪ್ಪಿಸಬೇಡ, ಬಿಡು" ಎನ್ನುತ್ತಾರೆ. ಶಿರ್ವದ ಕಡೆಯ ಕಲ್ಲುಕೋರೆಯ ದಾರಿಯಲ್ಲಿ ಹೋಗಿ ಬಂದವರೇ ಸೊಂಟ ಹಿಡಿದುಕೊಂಡು ಇಳಿದು ಇನ್ನೊಂದು ಪ್ಲೇಟು ತೆಗೆಯುತ್ತಾರೆ. ಮತ್ತೆ ಮಲಗುತ್ತಾರೆ. ಈ ಸಲ ಮುಖದ ಗಂಟು ಸಡಿಲವಾಗಿದೆ. ಸ್ವಂತ ಜೀಪಿಗೆ ಪ್ರವೀಣನ ದಪ್ಪ ಪ್ಲೇಟುಗಳನ್ನೇ ಹೊಂದಿಸಿಕೊಳ್ಳುತ್ತಾರೆ.

ಮುಂದಿನ ವಾರ ಮಣಿಪಾಲದಿಂದ ಪ್ರವೀಣನ ಫೋನು. ಮಾತು ಮುಗಿಸಿದ ನಜೀಬ್ ಸ್ಪಾನರ್ ಕೆಳಗಿಟ್ಟು ಕೈ ಒರೆಸಿಕೊಳ್ಳುತ್ತಾರೆ. ಚಹಾ ತಂದ ಹೆಂಡತಿ ಸಮೀನಾ, "ಎಂತ ಆಯಿತು?" ಎಂದು ಕೇಳುತ್ತಾರೆ.

"ಕಮಲಕ್ಕ ದಾರಿಯಲ್ಲಿ ನಿದ್ದೆ ಮಾಡಿದರಂತೆ. ಆಸ್ಪತ್ರೆಯ ಹತ್ತಿರ ಎಬ್ಬಿಸಬೇಕಾಯಿತಂತೆ."

"ಒಳ್ಳೆಯದಾಯಿತು. ನಮ್ಮ ಜೀಪಿನಲ್ಲಿ ಮಾತ್ರ ಇನ್ನು ಯಾರಿಗೂ ನಿದ್ದೆ ಬರಲಿಕ್ಕಿಲ್ಲ" ಎಂದು ಸಮೀನಾ ನಗುತ್ತಾರೆ.

ನಜೀಬ್ ಚಹಾದ ಲೋಟ ಎತ್ತಿಕೊಳ್ಳುತ್ತಾರೆ. "ಅದಕ್ಕೆಂತ? ನಮ್ಮ ಬೆನ್ನು ಗಟ್ಟಿ ಉಂಟಲ್ಲ."