ದಂಡೆಗೆ ಹಾಡಿದ ದೋಣಿ

ಶಿವಾಜಿನಗರದ ಬಷೀರ್ ಭಾಯ್ ಆಟೋಗಳಿಗೆ ಸ್ಪೀಕರ್ ಕೂರಿಸುವವರು. ಆಟೋ ಕಣ್ಣಿಗೆ ಬೀಳುವ ಮೊದಲೇ ಹಾಡು ಕಿವಿಗೆ ಬೀಳಬೇಕು, ಅದು ಅವರ ಕೈಗುಣ. ಕೆಳಗೆ ಅಂಗಡಿ, ಮೇಲೆ ಮನೆ. ಆ ಗದ್ದಲದಲ್ಲಿ ಅವರ ಹೆಂಡತಿ ಜಹನಾರಾ ಭಾಭಿ ಊಟಕ್ಕೆ ಕರೆಯಬೇಕಾದರೂ ಕಿರುಚಬೇಕಿತ್ತು. ಎದುರು ಮನೆಯವನಾದ ನನ್ನ ಕಿವಿಯ ಪಾಡು ಯಾರಿಗೆ ಬೇಕು, ಬಿಡಿ.

ತೊಂಬತ್ತಾರರಲ್ಲಿ ಹಲಸೂರು ಕೆರೆಯ ಮುತ್ತುರಾಜ ತನ್ನ ತಗಡಿನ ಚಾವಣಿಯ ಮೋಟಾರ್ ದೋಣಿಗೆ ಹಾಡು ಹಾಕಿಸಲು ಬಂದ. ಬಷೀರ್ ಭಾಯ್‌ಗೆ ಸ್ವರ್ಗಕ್ಕೆ ಮೂರೇ ಗೇಣು. ಭಾಭಿ ಮದುವೆಯಾದಾಗಿನಿಂದ ಆಸೆಪಟ್ಟಿದ್ದು ಒಂದು ದೋಣಿ ಸವಾರಿಗೆ. ಭಾನುವಾರ ತಮ್ಮ ಹಾಡಿನ ದೋಣಿಯಲ್ಲೇ ಅವರನ್ನು ಕರೆದೊಯ್ಯುವುದಾಗಿ ಬಷೀರ್ ಭಾಯ್ ಬೀದಿಗೆಲ್ಲ ಸಾರಿಬಿಟ್ಟರು.

ಶನಿವಾರ ಹಾಕಿ ನೋಡಿದರು. ದಂಡೆಯಲ್ಲಿದ್ದ ನಮಗೆ ಹಾಡು ಸೊಗಸಾಗಿ ಕೇಳಿತು, ಕಡಲೆಕಾಯಿ ಮಾರುವವಳೂ ತಲೆದೂಗಿದಳು. ದೋಣಿಯೊಳಗೆ ಮಾತ್ರ ತಗಡಿನ ಗರಗರ ಬಿಟ್ಟರೆ ಹಾಡೇ ಇಲ್ಲ. ಬಷೀರ್ ಭಾಯ್ ಸೌಂಡ್ ಏರಿಸಿದರು. ತಗಡು ಇನ್ನೂ ಜೋರಾಗಿ ಅದುರಿತು. ನಾಳೆಗೆ ಸರಿಹೋಗದಿದ್ದರೆ ಎಲ್ಲ ಬಿಚ್ಚಿಕೊಂಡು ಹೋಗಿ ಎಂದುಬಿಟ್ಟ ಮುತ್ತುರಾಜ. ಭಾಭಿಗೆ ಏನು ಹೇಳುವುದೆಂದು ಬಷೀರ್ ಭಾಯ್ ಮುಖ ಸಪ್ಪಗಾಯಿತು.

"ಭಾಯ್, ಟಿಕೆಟ್ ತಗೊಂಡೋರು ಒಳಗಡೆ ಕೂತಿರ್ತಾರೆ. ನೀವು ರೋಡಿಗೆ ಹಾಡು ಹಾಕ್ತಿದ್ದೀರ," ಅಂದ ಮುತ್ತುರಾಜ.

ನಿಜವೇ. ಆಟೋದ ಅಭ್ಯಾಸದಲ್ಲಿ ಎರಡೂ ಸ್ಪೀಕರನ್ನು ತಗಡಿಗೇ ಬಿಗಿದು, ಹೊರಗೆ ಮುಖ ಮಾಡಿದ್ದರು. ಸಂಜೆಯೊಳಗೆ ಅವನ್ನು ಬಿಚ್ಚಿ, ಮರದ ಡಬ್ಬಗಳಲ್ಲಿ ಕೂರಿಸಿ, ಅದುರದಂತೆ ಕೆಳಗೆ ಹಳೆ ಸೈಕಲ್ ಟ್ಯೂಬ್ ಕೊಟ್ಟು, ಸೀಟಿನ ಎತ್ತರಕ್ಕೆ ಒಳಮುಖ ಮಾಡಿದರು. ಸೌಂಡ್ ಇಳಿಸಲು ಮಾತ್ರ ಕೈ ಬರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಮುತ್ತುರಾಜನೇ ಇಳಿಸಿದ.

ಭಾನುವಾರ ನಾನೂ ದೋಣಿ ಹತ್ತಿದೆ, ಬಿಟ್ಟಿ ಸವಾರಿ ಬಿಡಲು ನಾನೇನು ದಡ್ಡನೇ? ಹಾಡು ಮೆಲ್ಲಗೆ ಶುರುವಾಯಿತು, ಒಂದೊಂದು ಪದವೂ ಬಿಡಿಬಿಡಿಯಾಗಿ. ಮುತ್ತುರಾಜ ಮೆಚ್ಚಿ ನಕ್ಕ. ಬಷೀರ್ ಭಾಯ್ ಅತ್ತ ನೋಡಲೇ ಇಲ್ಲ. ಪಕ್ಕದಲ್ಲಿ ಭಾಭಿ ನೀರು ನೋಡುತ್ತ, ಹಾಡಿನ ಜೊತೆ ತಾವೂ ಹಾಡಿಕೊಳ್ಳುತ್ತಿದ್ದರು. ಎಂಥ ಇಂಪು ಅಂತೀರಿ! ನನಗೇ ಮೈ ಜುಮ್ಮೆಂದಿತು.

ಇದು ಯಾವಾಗ ಕಲಿತೆ ಎಂದು ಬಷೀರ್ ಭಾಯ್ ತಮ್ಮ ದಖನಿ ಉರ್ದುವಿನಲ್ಲಿ ಕೇಳಿದರು. ಕಲಿತದ್ದೇನು, ಅಡುಗೆಮನೆಯಲ್ಲಿ ದಿನಾ ಹಾಡುತ್ತೇನಲ್ಲ ಎಂದರು ಭಾಭಿ.

ಬಷೀರ್ ಭಾಯ್ ಎದ್ದು ಹೋಗಿ, ತಮ್ಮ ಕೈಯಾರೆ ಸೌಂಡ್ ಇನ್ನಷ್ಟು ಇಳಿಸಿ ಬಂದು ಕೂತರು.